ನೈದಿಂಗ್ ಎಂಬ ಬೈಗುಳ

ಬೇಸಿಗೆ ರಜೆ ಬಂತೆಂದರೆ ನಾವು ಏಳೆಂಟು ಹುಡುಗರು ಊರಾಚೆಯ ತೋಟದ ಬಾವಿಯಲ್ಲೇ ಇರುತ್ತಿದ್ದೆವು. ಕಟ್ಟೆಯಿಂದ ಹಾರಲು ಅಂಜಿದವನಿಗೆ ನಮ್ಮಲ್ಲಿ ಕೆಲವರು ‘ಹೇಡಿ’ ಎನ್ನುತ್ತಿದ್ದರು, ಮನೆಯಲ್ಲಿ ಉರ್ದು ಆಡುವವರು ‘ಬುಜ್‌ದಿಲ್’ ಎನ್ನುತ್ತಿದ್ದರು. ಬುಜ್‌ದಿಲ್ ಎಂದರೆ ಮೇಕೆಯ ಎದೆಯವನು ಎಂದು ಆಗ ಗೊತ್ತಿರಲಿಲ್ಲ. (ಬಂಡೆಯ ತುತ್ತತುದಿಯಲ್ಲಿ ನಿಂತು ಸೊಪ್ಪು ಮೇಯುವ ಮೇಕೆಗೆ ಈ ಅಪವಾದ ಯಾಕೆ ಬಂತೋ!) ಈಜು ಬಾರದ ಒಬ್ಬನನ್ನು ನಾಲ್ಕು ದಿನ ಹೀಗೆ ಕರೆದೆವು. ಐದನೆಯ ದಿನ ಅವನು ಹಾರಿದ. ಪಂಪ್‌ಸೆಟ್ ಬಳಿ ಇದ್ದ ಆಳು ಓಡಿ ಬರದಿದ್ದರೆ ಅವನು ಉಳಿಯುತ್ತಿರಲಿಲ್ಲ. ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹೇಳುವ ಧೈರ್ಯ ನಮಗಿರಲಿಲ್ಲ.

ಬಹಳ ವರ್ಷಗಳ ನಂತರ ಗ್ರಂಥಾಲಯದಲ್ಲಿ ವಾಲ್ಟರ್ ಸ್ಕಾಟ್‌ನ ‘ಐವನ್‌ಹೋ’ ಕಾದಂಬರಿ ಓದುವಾಗ ‘ನಿಡರಿಂಗ್’ ಎಂಬ ವಿಚಿತ್ರ ಪದ ಎದುರಾಯಿತು. ಸ್ಯಾಕ್ಸನ್ ಜನರಿಗೆ ಇದಕ್ಕಿಂತ ಹೀನವಾದ ಬೈಗುಳ ಇರಲಿಲ್ಲ ಎಂದು ಸ್ಕಾಟ್ ಟಿಪ್ಪಣಿ ಬರೆದಿದ್ದಾನೆ. ಹುಡುಕಿ ನೋಡಿದರೆ ಅಂಥ ಪದವೇ ಇರಲಿಲ್ಲ! ಇದ್ದದ್ದು ‘ನೈದಿಂಗ್’. ಹನ್ನೆರಡನೆಯ ಶತಮಾನದ ಇತಿಹಾಸಕಾರ ಮಾಮ್ಸ್‌ಬರಿಯ ವಿಲಿಯಂನ ಗ್ರಂಥವನ್ನು 1596ರಲ್ಲಿ ಅಚ್ಚು ಹಾಕಿದಾಗ, ಇಂದಿನ ಇಂಗ್ಲಿಷಿನಲ್ಲಿ ಇಲ್ಲದ ಒಂದು ಹಳೆಯ ಅಕ್ಷರವನ್ನು ತಪ್ಪಾಗಿ ಓದಿದ್ದರಿಂದ ಅದು ನಿಡರಿಂಗ್ ಆಯಿತು. ಸ್ಕಾಟ್‌ನ ಕೈಗೆ ಬಂದದ್ದು ಈ ತಪ್ಪು ರೂಪ.

ನೈದಿಂಗ್ ಎಂದರೆ ಬರೀ ಪುಕ್ಕಲನಲ್ಲ. ಮಾನಗೆಟ್ಟವನು, ನಂಬಿಸಿ ಕತ್ತು ಕುಯ್ಯುವವನು, ನಾಲ್ಕು ಜನರ ನಡುವೆ ನಿಲ್ಲಲು ಯೋಗ್ಯನಲ್ಲದವನು. 1049ರಲ್ಲಿ ಸ್ವೇನ್ ಎಂಬ ಸರದಾರ ಸೋದರಮಾವನ ಮಗ ಬಿಯಾರ್ನ್‌ನನ್ನು ಉಪಾಯವಾಗಿ ಕರೆದೊಯ್ದು ಕೊಂದ. ಆಗ ದೊರೆ ಎಡ್ವರ್ಡ್ ಮತ್ತು ಇಡೀ ಸೈನ್ಯ ಸೇರಿ ಅವನನ್ನು ನೈದಿಂಗ್ ಎಂದು ಸಾರಿದರು. ಅವನ ಹಡಗುಗಳಲ್ಲಿ ಹೆಚ್ಚಿನವು ಅವನನ್ನು ಬಿಟ್ಟು ಹೋದವು. ಕೊನೆಗೆ ಬರಿಗಾಲಲ್ಲಿ ಜೆರುಸಲೇಮಿಗೆ ಹೋದ ಸ್ವೇನ್ ಮರಳುವ ದಾರಿಯಲ್ಲೇ ಸತ್ತ. ಇಲ್ಲಿ ಆ ಪದಕ್ಕೆ ಒಂದು ನ್ಯಾಯವಿತ್ತು ಎನ್ನಬಹುದು. ಅವನು ಮಾಡಿದ ಕೆಲಸವಿತ್ತು, ಅದಕ್ಕೆ ತಕ್ಕ ಹೆಸರು ಬಂತು.

ನಮ್ಮನ್ನು ಕಾಡಿದ್ದು 1088ರ ಕಥೆ. ವಿಲಿಯಂ ರೂಫಸ್ ಪಟ್ಟಕ್ಕೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಅವನ ಚಿಕ್ಕಪ್ಪ, ಬಿಷಪ್ ಓಡೋ, ರೂಫಸ್‌ನ ಅಣ್ಣ ರಾಬರ್ಟ್‌ನ ಪರವಾಗಿ ದಂಗೆ ಎದ್ದ. ರೋಚೆಸ್ಟರ್ ಕೋಟೆ ದಂಗೆಕೋರರ ಕೈಯಲ್ಲಿತ್ತು. ನೈದಿಂಗ್ ಅಲ್ಲದ ಪ್ರತಿಯೊಬ್ಬನೂ, ಫ್ರೆಂಚನಾಗಲಿ ಇಂಗ್ಲಿಷನಾಗಲಿ, ಪಟ್ಟಣದವನಾಗಲಿ ಹಳ್ಳಿಯವನಾಗಲಿ, ತನ್ನ ಬಳಿಗೆ ಬರಬೇಕು ಎಂದು ರೂಫಸ್ ಕರೆ ಕೊಟ್ಟ. (ಸ್ಕಾಟ್ ಇದನ್ನು ಅವನ ತಂದೆ ವಿಲಿಯಂನ ತಲೆಗೆ ಕಟ್ಟಿದ್ದಾನೆ, ಅದೂ ತಪ್ಪೇ.) ಜನ ಬಂದರು. ಇಪ್ಪತ್ತೆರಡು ವರ್ಷಗಳ ಹಿಂದೆ ಇದೇ ನಾರ್ಮನ್ ಮನೆತನ ಅವರ ನೆಲವನ್ನು ಕಿತ್ತುಕೊಂಡಿತ್ತು. ಆದರೂ ಅಣ್ಣ ತಮ್ಮಂದಿರ ಜಗಳದಲ್ಲಿ ಅವರು ಬಿಲ್ಲು, ಕೊಡಲಿ ಹಿಡಿದು ನಿಂತರು. ರೋಚೆಸ್ಟರ್ ಶರಣಾಯಿತು. ಒಳ್ಳೆಯ ಕಾನೂನು ತರುತ್ತೇನೆ, ಅನ್ಯಾಯದ ತೆರಿಗೆ ತೆಗೆಯುತ್ತೇನೆ ಎಂದು ರೂಫಸ್ ಕೊಟ್ಟಿದ್ದ ಮಾತು ಬಹಳ ದಿನ ಉಳಿಯಲಿಲ್ಲ.

ಬಂದವರಲ್ಲಿ ಎಷ್ಟು ಜನ ಆ ಮಾತನ್ನು ನಂಬಿ ಬಂದರು, ಎಷ್ಟು ಜನ ಊರಲ್ಲಿ ತಲೆಯೆತ್ತಿ ತಿರುಗಲಾಗದೆಂದು ಹೆದರಿ ಬಂದರು? ಯಾರೂ ಅವರನ್ನು ಕೇಳಿ ಬರೆದಿಡಲಿಲ್ಲ. ಏನೂ ತಪ್ಪು ಮಾಡದವನ ಎದುರು ಆ ಪದವನ್ನು ಮೊದಲೇ ಹಿಡಿದು ನಿಂತದ್ದು ಮಾತ್ರ ಸತ್ಯ. ಬಾವಿಕಟ್ಟೆಯ ಮೇಲೆ ನಾವು ಮಾಡಿದ್ದೂ ಅದೇ. ರೂಫಸ್‌ಗೆ ಒಂದು ಕೋಟೆಯಾದರೂ ಸಿಕ್ಕಿತು, ನಮಗೆ ಅದೂ ಇಲ್ಲ.

ಆ ಗೆಳೆಯ ಈಗಲೂ ಮದುವೆ ಮುಂಜಿಗಳಲ್ಲಿ ಸಿಗುತ್ತಾನೆ. ಮಕ್ಕಳಿಗೆ ಈಜು ಕಲಿಸಿದ್ದಾನಂತೆ. ಬಾವಿಯ ಮಾತು ಬಂದಾಗ ನೀರು ಬಹಳ ತಣ್ಣಗಿತ್ತು ಎಂದಷ್ಟೇ ಹೇಳಿ ಬೇರೆ ವಿಷಯಕ್ಕೆ ಹೋಗುತ್ತಾನೆ. ನಾವೂ ಹೋಗುತ್ತೇವೆ.