ಒಣಾ ಜಾಗಾ

ಮಳಿ ಬಂದ್ರ ಎಲ್ಲಾರೂ ಮಿರ್ಚಿ ಭಜಿ ಮಾಡೂಣು ಅಂತಾರ. ನಾನೂ ಮಾಡ್ತೇನ್ರಿ, ಹುಡುಗ್ರು ಬಿಡೂದಿಲ್ಲ. ಆದ್ರ ಎಣ್ಣಿ ಕಾಯೂ ಹೊತ್ತಿನ್ಯಾಗ ನನ್ನ ಒಂದ ಕೈ ತನ್ನಷ್ಟಕ್ಕ ತಾನ ಹಿಂದಿನ ಗ್ವಾಡಿಗೆ ಹೋಗಿರ್ತೈತಿ. ಹಸಿ ಐತೇನು, ಒಣಗೇತೇನು ಅಂತ ಮುಟ್ಟಿ ನೋಡಾಕ. ಈಗಿನ ನಮ್ಮ ಮನಿ ಸಿಮೆಂಟಿಂದು, ಕಾಲಂ ಹಾಕಿ ಕಟ್ಟಿದ್ದು. ಅದು ನನಗ ಗೊತ್ತೈತಿ, ನನ್ನ ಕೈಗೆ ಗೊತ್ತಿಲ್ಲ.

2019ರ ಆಗಸ್ಟ್ ತಿಂಗಳದ ಮಳಿ ನಮ್ಮ ಕಡೆಯವರು ಯಾರೂ ಮರತಿರಾಕಿಲ್ಲ. ನವಿಲುತೀರ್ಥ ಡ್ಯಾಮಿಂದ ನೀರು ಬಿಟ್ಟು, ಮಲಪ್ರಭಾ ದಂಡಿ ಮ್ಯಾಲಿನ ಹಳ್ಳಿಗೋಳಿಗೆ ಹೊಳಿ ಹೊಕ್ಕಿತ್ತು. ಟೀವ್ಯಾಗ ಬರೇ ಅದ. ನನ್ನ ತವರಮನಿ ಹೊಳಿ ದಂಡಿಗಿಲ್ಲ, ಹಂಗಾಗಿ ನಮಗೇನ ಆಗ್ತೈತಿ ಅಂತ ಆರಾಮ ಇದ್ವಿ. ಆದ್ರ ಮಣ್ಣಿನ ಮಾಳಿಗಿ ಮನಿ ಬೀಳಾಕ ಹೊಳಿನ ಬರಬೇಕಂತಿಲ್ಲ. ದಿನಗಟ್ಲೆ ಮಳಿ ಹಿಡಕೊಂಡ್ರ ಮಾಳಿಗಿ ಮ್ಯಾಲಿನ ಮಣ್ಣು ನೀರು ಕುಡದು ಭಾರ ಆಗ್ತೈತಿ, ಗ್ವಾಡಿ ಬುಡಾ ಮೆತ್ತಗ ಆಗ್ತೈತಿ. ಹೊರಗಿಂದ ನೋಡಿದ್ರ ಏನೂ ಗೊತ್ತಾಗೂದಿಲ್ಲ, ನೆಟ್ಟಗ ನಿಂತಿರ್ತೈತಿ.

ಅವತ್ತ ನಾ ಅವ್ವನ್ನ ನೋಡಿ ಬರೂಣು ಅಂತ ಹೋಗಿದ್ದೆ. ರಾತ್ರಿ ಪಡಸಾಲ್ಯಾಗ ಬೆಳಕಿಂಡಿ ಸುತ್ತ ಸೋರಾಕ ಹತ್ತಿತು. ಬಕೇಟು, ಕೊಡಾ, ಬೋಗುಣಿ ಎಲ್ಲಾ ಇಟ್ಟು ಮುಗದಿತ್ತು. ಅವ್ವ ತನ್ನ ಯಾವತ್ತಿನ ಜಾಗಾದಾಗ ಕೌದಿ ಹಾಸಾಕ ಹ್ವಾದ್ಲು. ನಾನು, "ಅಲ್ಲಿ ಹನಿ ಬೀಳಾಕತ್ತಾವು, ಈ ಗ್ವಾಡಿ ಕಡೆ ಮಲ್ಕೋಬೇ" ಅಂದೆ. ಆಕಿ ನನ್ನ ಮಾತು ಕೇಳಿದ್ಲು. ನಾ ಅಡಗಿಮನಿ ಬಾಗಲದ ಹಂತ್ಯಾಕ ಮಲಗಿದೆ. ಬೆಳಗಿನ ಜಾವ ಬಿದ್ದದ್ದು ಆ ಗ್ವಾಡಿನ.

ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರ್ಯಾಕ ಆಗೂದಿಲ್ಲ. ಒಂದ ಮಾತು ಅಷ್ಟ: ಬೀಳೂಕಿಂತ ಮೊದಲ ಸಣ್ಣಗ ಮಣ್ಣು ಉದುರೂ ಸಪ್ಪಳ ಬಂದಿತ್ತು. ಜ್ವಾಳಾ ಹಸನ ಮಾಡುವಾಗ ಮರದಾಗಿಂದ ಬರ್ತೈತೆಲ್ಲ, ಹಂಗ. ನಿದ್ದಿಗಣ್ಣಾಗ ನಾ ಇಲಿ ಅಂತ ತಿಳಕೊಂಡಿದ್ದೆ. ಆಮ್ಯಾಲೆ ಒಂದ ವರ್ಷ ನಮ್ಮ ಮನ್ಯಾಗ ಮರಾ ಕೆಳಗ ಇಳೀಲಿಲ್ಲ. ನಮ್ಮ ಮನಿಯವರು ಗಿರಣಿಯಿಂದ ಸೀದಾ ಹಿಟ್ಟನ್ನ ತರಾಕ ಶುರು ಮಾಡಿದ್ರು. ಯಾಕಂತ ಕೇಳಲಿಲ್ಲ. ಅವರ ಮ್ಯಾಲೆ ನನಗ ನೂರಾಎಂಟು ತಕರಾರು ಅದಾವು, ಆದ್ರ ಇದೊಂದಕ್ಕ ಎಲ್ಲಾ ಮಾಫಿ.

ನಾವು ಸಭಾದವರು. 1834ರಾಗ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನವರು ಮುಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೂ ಬಂದ್ರು. ನಮ್ಮ ಮುತ್ತಜ್ಜನ ಕಾಲದಿಂದ ನಮ್ಮ ಮನಿತನ ಅದ ಗುಡಿಗೆ ನಡಕೊಂಡು ಬಂದೈತಿ. ಹಂಗಾಗಿ ಅವ್ವ ಹ್ವಾದ ಮ್ಯಾಲೆ ಮನಿ ತುಂಬ ಮಂದಿ, ಪ್ರಾರ್ಥನಾ, ಹಾಡು. ಎಲ್ಲಾರೂ ಒಳ್ಳೇ ಮನಸ್ಸಿಂದನ ಬಂದಿದ್ರು. ಆದ್ರ ಬಂದವರು ಬಾಯಿ ತೆಗದ್ರ, "ದೇವರ ಚಿತ್ತ ಇತ್ತು ತಂಗಿ", "ಚೊಲೋ ಹೂವನ್ನ ಆತ ಮೊದಲ ಹರ್ಕೋತಾನ", "ನಿನ್ನ ಉಳಿಸ್ಯಾನ ಅಂದ್ರ ನಿನ್ನಿಂದ ಏನೋ ಕೆಲಸ ಐತಿ". ಕೇಳಿದಂಗೆಲ್ಲಾ ಎದಿಮ್ಯಾಲೆ ಇನ್ನೊಂದ ಬುಟ್ಟಿ ಮಣ್ಣು ಸುರದಂಗ ಆಗತಿತ್ತು. ಯೋಬನ ಗೆಳ್ಯಾರ ಕತಿ ನೆನಪೈತೇನು? ಅವರು ಬಂದು ಏಳು ದಿನಾ, ಏಳು ರಾತ್ರಿ ಅವನ ಜೋಡಿ ನೆಲದ ಮ್ಯಾಲೆ ಸುಮ್ಮನ ಕುಂತಿದ್ರು. ಅಲ್ಲಿಗೆ ಬಿಟ್ಟಿದ್ರ ಅವರಂಥಾ ಗೆಳ್ಯಾರು ಯಾರೂ ಇರತಿರಲಿಲ್ಲ. ಎಂಟನೇ ದಿನಾ ಬಾಯಿ ತೆಗದು ಕೆಡಿಸಿದ್ರು.

ನಾ ಗುಡಿಗೆ ಹೋಗೂದ ಬಿಟ್ಟೆ. ಪ್ರಾರ್ಥನಾನೂ ಬಿಟ್ಟೆ. ಕಣ್ಣು ಮುಚ್ಚಿದ್ರ ಗ್ವಾಡಿನ ಕಾಣತಿತ್ತು. ರಾತ್ರಿ ಎದ್ದು ಹುಡುಗ್ರ ಹಾಸಿಗಿ ನಡುಮನಿಗೆ ಎಳಕೊಂಡು ಬರತಿದ್ದೆ.

ಆವಾಗ ಬಂದವರು ಅಕ್ಕೋರು. ನಮ್ಮ ಸಭಾದಾಗಿನ ಹಿರೇರು, ಕನ್ನಡ ಸಾಲ್ಯಾಗ ಕಲಿಸಿ ರಿಟೈರ್ ಆದವರು. ಬುಟ್ಟ್ಯಾಗ ಬಿಳಿ ಅರಿವ್ಯಾಗ ಸುತ್ತಿದ ಬಿಸಿ ರೊಟ್ಟಿ, ಡಬ್ಬ್ಯಾಗ ಜುಣಕಾ. "ಉಣ್ಣು" ಅಂದ್ರು. ನಾ ಉಂಡೆ. "ನಾ ಇಲ್ಲೇ ಕುಂತಿರತೇನಿ, ನೀ ಒಂದ ತಾಸು ಮಲ್ಕೋ" ಅಂದ್ರು. ನಾ ಮಲಗಿದೆ, ಖರೇನ ನಿದ್ದಿ ಬಂತು. ಎದ್ದಾಗ ಅವರು ಹುಡುಗನ ಅಂಗಿಗೆ ಗುಂಡಿ ಹಚ್ಚಾಕತ್ತಿದ್ರು. ಮತ್ತ ಒಂದ ರೊಟ್ಟಿ ಕೊಟ್ರು. ಒಂದ ವಚನ ಹೇಳಲಿಲ್ಲ, ಪ್ರಾರ್ಥನಾ ಮಾಡೂಣೇನು ಅಂತನೂ ಕೇಳಲಿಲ್ಲ. ಮಳಿ ಮಾಡ ಕಟ್ಟಿತಂದ್ರ ಸಾಕು, ಛತ್ರಿ ಹಿಡಕೊಂಡು ಬಂದು ಕುಂದರತಿದ್ರು.

ಒಂದಿನ ನಾನ ಕೇಳಿದೆ: "ಅಕ್ಕೋರ, ನೀವ್ಯಾಕ ಏನೂ ಹೇಳೂದಿಲ್ರಿ?"

ಅವರು ನಕ್ಕು, "ಎಲೀಯನ ಕತಿ ಸಂಡೇ ಸ್ಕೂಲಿನ್ಯಾಗ ನಾನ ನಿನಗ ಹೇಳಿದ್ನೆಲ್ಲ" ಅಂದ್ರು. ಎಲೀಯ ಜೀವಾ ಉಳಿಸಿಕೊಂಡು ಅಡವಿಗೆ ಓಡಿ ಹೋಗಿ, ಒಂದ ಗಿಡದ ಬುಡಕ ಕುಂತು, ನನಗ ಸಾವು ಬರಲಿ ಅಂತ ಬೇಡಿಕೋತಾನ. ದೇವದೂತ ಬಂದು ಮೊದಲ ಏನ ಮಾಡಿದ? ಕೆಂಡದ ಮ್ಯಾಲೆ ಸುಟ್ಟ ರೊಟ್ಟಿ, ತಂಬಗಿ ನೀರು ಇಟ್ಟ. ಎಲೀಯ ತಿಂದು ಮತ್ತ ಮಲಗಿದ. ದೂತ ಮತ್ತ ಎಬ್ಬಿಸಿ ಮತ್ತ ಉಣಿಸಿದ. ದೇವರ ಮಾತು ಬರೂದು ಅದಾದ ಮ್ಯಾಲೆ, ನಲವತ್ತು ದಿನದ ದಾರಿ ನಡದ ಮ್ಯಾಲೆ. "ನಂದು ರೊಟ್ಟಿ ಪಾಳಿ. ಮಾತಿನ ಪಾಳಿ ಯಾರದೋ" ಅಂದ್ರು.

ಅವತ್ತ ಅವರು ಅವ್ವನ ಬೈಬಲ್ ತಗೊಂಡ್ರು. ಮಣ್ಣಾಗಿಂದ ತೆಗದಿದ್ದು, ಹಾಳಿ ನಡುವ ಪೇಪರ್ ಹಾಕಿ ನೆರಳಿಗೆ ಒಣಗಿಸಿದ್ರೂ ಉಬ್ಬಿ ದಪ್ಪ ಆಗಿತ್ತು. ಅವ್ವಗ ಗುರ್ತಿಗೆ ಬಸ್ಸಿನ ಟಿಕೀಟು ಇಡೂ ಚಟ. ಅಕ್ಕೋರು 88ನೇ ಕೀರ್ತನೆ ತೆಗದು, ನೀನ ಓದು ಅಂದ್ರು. ಕೀರ್ತನೆ ಅಂದ್ರ ನನಗ ಕುರುಬನದು, ಹಸರ ಹುಲ್ಲಿಂದು ಗೊತ್ತಿತ್ತು. ಇದು ಹಂಗಲ್ಲ. ರಾತ್ರಿ ಹಗಲಿ ಕೂಗಾಕತ್ತೇನಿ, ನೀ ಯಾಕ ಮಾರಿ ಮರೆಮಾಡಿ ಅಂತ ದೇವರನ್ನ ಕೇಳೂದು. ಉಳಿದ ಗೋಳಿನ ಕೀರ್ತನೆಗಳು ಹೆಚ್ಚಾಗಿ ಕಡೀಕ ಹೆಂಗೋ ಸ್ತುತಿಗೆ ಬಂದು ನಿಲ್ತಾವು. ಇದು ಕತ್ತಲದಾಗ ಶುರು ಆಗಿ ಕತ್ತಲದಾಗ ಮುಗೀತೈತಿ. ನಾ ಹಾಳಿ ತಿರುವಿ ನೋಡಿದೆ, ಮುಂದ ಏನರ ಐತೇನು ಅಂತ. ಇಲ್ಲ. ಇಂಥಾದ್ದೂ ದೇವರ ಪುಸ್ತಕದಾಗ ಐತಿ ಅಂದ್ರ, ನನ್ನಂಥಾಕಿಗೂ ಒಳಗ ಜಾಗಾ ಐತಿ ಅನಸ್ತು. ಅವತ್ತ ರಾತ್ರಿ ಅಷ್ಟ ತಿಂಗಳಿಗೆ ಮೊದಲ ಸಲ ದೇವರ ಜೋಡಿ ಮಾತಾಡಿದೆ. ಪ್ರಾರ್ಥನಾ ಅನ್ನೂಕಿಂತ ಜಗಳ ಅನ್ರಿ.

ಧಾರವಾಡದ ಡಿಮ್ಹಾನ್ಸಿಗೂ ಹ್ವಾದ್ವಿ, ಅದನ್ನೂ ಮುಚ್ಚಿಡೂದಿಲ್ಲ. ಡಾಕ್ಟರು ನನ್ನ ಕಡೆಯಿಂದ ಎಲ್ಲಾ ಕೇಳಿ ಗುಳಿಗಿ ಬರದುಕೊಟ್ರು. ಇದು ನನ್ನ ವಿಶ್ವಾಸ ಕಡಿಮಿ ಆಗಿದ್ದಕ್ಕೋ ಏನೋ ಅಂತ ಹೆದರಿ ನಮ್ಮ ಅಯ್ಯನವರನ್ನ ಕೇಳಿದೆ. ಅವರು, "ನಿನಗ ಶುಗರ್ ಇದ್ದಿದ್ರ ಕೇಳ್ತಿದ್ದೇನು? ಗುಳಿಗಿ ತಪ್ಪಿಸಬ್ಯಾಡವಾ" ಅಂದ್ರು. ಅಲ್ಲಿಗೆ ಮುಗೀತು.

2020ರಾಗ ಲಾಕ್‌ಡೌನ್. ಏಪ್ರಿಲ್ 10ಕ್ಕ ಶುಭ ಶುಕ್ರವಾರ, ಗುಡಿ ಬಾಗಲಾ ಹಾಕಿತ್ತು. ಹನ್ನೆರಡರಿಂದ ಮೂರರ ತನಕ ಆಗೂ ಆರಾಧನಿ ಆ ವರ್ಷ ಮನ್ಯಾಗ. ನಾನೂ ಅಕ್ಕೋರೂ ಫೋನ್ ಹಚ್ಚಿಕೊಂಡು ಕುಂತ್ವಿ. ಅವರು ಏಳು ಮಾತು ಒಂದೊಂದ ಓದತಿದ್ರು. ನಾಲ್ಕನೇದಕ್ಕ, ತನ್ನನ್ನ ಯಾಕ ಕೈಬಿಟ್ಟಿ ಅಂತ ಯೇಸುಸ್ವಾಮಿ ಕೇಳೂ ಮಾತಿಗೆ ಬಂದಾಗ, ನನ್ನ ಬಾಯಾಗಿಂದ ತಾನ ಬಂತು. "ಅಕ್ಕೋರ, ಅವ್ವಗ ಅಲ್ಲಿ ಮಲ್ಕೋ ಅಂದಾಕಿ ನಾನ ರೀ." ಎಂಟು ತಿಂಗಳು ನಾ ಇದನ್ನ ಯಾರಿಗೂ ಹೇಳಿರಲಿಲ್ಲ. ಮನಿಯವರಿಗೂ.

ಫೋನಿನ್ಯಾಗ ಎಷ್ಟೋ ಹೊತ್ತು ಏನೂ ಇಲ್ಲ. ಕಟ್ ಆತೇನೋ ಅಂದುಕೊಂಡೆ. ಆಮ್ಯಾಲೆ ಅಕ್ಕೋರು ಅಳಾಕತ್ತಿದ್ದು ಕೇಳಿಸ್ತು. "ನಿಮ್ಮವ್ವಗ ನೀ ಒಣಾ ಜಾಗಾ ಕೊಟ್ಟಿದ್ದೆವ್ವಾ" ಅಂದ್ರು. "ಇದ್ದದ್ದರಾಗ ಒಣಾ ಜಾಗಾ ಆಕಿಗೆ ಕೊಟ್ಟಿದ್ದಿ." ಅಷ್ಟ. ಆಮ್ಯಾಲೆ ಐದನೇ ಮಾತು ಓದಿದ್ರು.

ಅವತ್ತಿಂದ ಎಲ್ಲಾ ಸರಿ ಆತು ಅಂತ ಬರದ್ರ ಸುಳ್ಳಾಗ್ತೈತಿ. ಎದ್ದು ಬಂದ ಯೇಸುಸ್ವಾಮಿ ತೋಮಗ ಕೈ ತೋರಿಸಿದಾಗ ಮೊಳಿ ಹೊಡದ ಗಾಯ ಅದರಾಗ ಹಂಗ ಇದ್ವು. ಸಣ್ಣಾಕಿ ಇದ್ದಾಗ, ಸತ್ತವರನ್ನ ಎಬ್ಬಿಸೂ ದೇವರಿಗೆ ಆ ಗಾಯ ಅಳಿಸಾಕ ಆಗಲಿಲ್ಲೇನು ಅಂತ ಅವ್ವನ್ನ ಕೇಳಿದ್ದೆ. ಆಕಿ, "ಸುಮ್ನ ಕುಂದರ, ಗುಡ್ಯಾಗ ಮಾತಾಡಬಾರದು" ಅಂದಿದ್ಲು.

ಈಗ ಗುಡಿಗೆ ಹೋಗ್ತೇನಿ. ಮರಾನೂ ಕೆಳಗ ಇಳದೈತಿ, ಜ್ವಾಳಾ ನಾನ ಹಸನ ಮಾಡ್ತೇನಿ, ಹಾಡು ಹಚ್ಚಿಕೊಂಡು. ಜೋರ ಮಳಿ ಬಂದ ರಾತ್ರಿ ಎಚ್ಚರ ಆಗ್ತೈತಿ. ಎದ್ದು ಚಾ ಕಾಸಿಕೊಂಡು, ಉಬ್ಬಿದ ಬೈಬಲ್ ಮುಂದಿಟ್ಟುಕೊಂಡು ಕುಂದರತೇನಿ. ಒಮ್ಮೊಮ್ಮೆ ಓದ್ತೇನಿ, ಒಮ್ಮೊಮ್ಮೆ ಬರೇ ಟಿಕೀಟು ತೆಗದು, ಅವ್ವ ಯಾವ ಊರಿಗೆ ಹೋಗಿದ್ದು ಇದು ಅಂತ ನೋಡ್ತೇನಿ. ನಮ್ಮ ಮಂಚ ಇನ್ನೂ ಗ್ವಾಡಿಯಿಂದ ಮೂರು ಫೂಟು ದೂರನ ಐತಿ. ಬಂದ ಬೀಗರು, ಖೋಲಿ ನಡುವ ಯಾಕ ಹಾಕೀರಿ ಅಂತ ಕೇಳ್ತಾರ. ನಮ್ಮ ಮನಿಯವರು, ಕಸಾ ಹೊಡ್ಯಾಕ ಸಸಾರ ಆಗ್ತೈತ್ರಿ ಅಂತಾರ.