ತಿರುಗಿಸಿದ ಚೌಕ

ಬೇಲೂರಿಗೆ ಹೋದವರು ಕತ್ತೆತ್ತಿಕೊಂಡೇ ಗುಡಿ ಸುತ್ತುತ್ತಾರೆ. ಮದನಿಕೆಯರು ಸೂರಿನ ಕೆಳಗೆ ನಿಂತಿರುವಾಗ ಬೇರೆ ದಾರಿಯೂ ಇಲ್ಲ ಬಿಡಿ. ನನ್ನ ಕಣ್ಣು ಮಾತ್ರ ಗೋಡೆಯ ಬುಡಕ್ಕೇ ಹೋಗುತ್ತದೆ. ಗರ್ಭಗುಡಿಯ ಗೋಡೆ ಅಲ್ಲಿ ನೆಟ್ಟಗೆ ಸಾಗುವುದೇ ಇಲ್ಲ. ಹೊರಚಾಚುತ್ತದೆ, ಒಳಸರಿಯುತ್ತದೆ, ಮತ್ತೆ ಚಾಚುತ್ತದೆ. ಗೈಡು ‘ನಕ್ಷತ್ರಾಕಾರ’ ಎಂದು ಒಂದೇ ಮಾತಿನಲ್ಲಿ ಮುಗಿಸಿ ದರ್ಪಣ ಸುಂದರಿಯ ಕಡೆ ಹೊರಟುಬಿಡುತ್ತಾನೆ.

ಆ ನಕ್ಷತ್ರ ಹುಟ್ಟಿದ್ದು ಚೌಕದಿಂದ. ಒಂದೇ ಅಳತೆಯ ನಾಲ್ಕು ರಟ್ಟಿನ ಚೌಕಗಳನ್ನು ಒಂದರ ಮೇಲೊಂದಿಟ್ಟು ನಟ್ಟನಡುವೆ ಗುಂಡುಸೂಜಿ ಚುಚ್ಚಿ. ಒಂದೊಂದನ್ನೂ ಕೆಳಗಿನದಕ್ಕಿಂತ 22.5 ಡಿಗ್ರಿ ಹೆಚ್ಚು ತಿರುಗಿಸಿ. 16 ಮೊನೆ ಸಿದ್ಧ. ಆರು ಚೌಕಗಳನ್ನು 15 ಡಿಗ್ರಿಯಂತೆ ತಿರುಗಿಸಿದರೆ 24. ಅದನ್ನು ಕಲ್ಲಿನಲ್ಲೇ ನೋಡಬೇಕೆಂದರೆ ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಗೆ ಹೋಗಬೇಕು. ಮೊನೆ ಎಷ್ಟೇ ಆಗಲಿ, ಪ್ರತಿಯೊಂದೂ ಚೌಕದ್ದೇ ಮೂಲೆ, ತೊಂಬತ್ತೇ ಡಿಗ್ರಿ. ಬಾವುಟದ ನಕ್ಷತ್ರದಂತೆ ಚೂಪಲ್ಲ. ಗಾರೆಯವರ ಮೂಲೆಮಟ್ಟ ಹಿಡಿದರೆ ಸರಿಯಾಗಿ ಕೂರುವಂಥದ್ದು. ಮೆತ್ತಗಿನ ಬಳಪದ ಕಲ್ಲಿಗೆ ಇದೇ ಕ್ಷೇಮ. ಚೂಪು ಮಾಡಿದ್ದರೆ ತುದಿ ಎಂದೋ ಮುಕ್ಕಾಗುತ್ತಿತ್ತು ಎಂಬುದು ನನ್ನ ಊಹೆ. ಗೋಡೆಯ ಮುಖ ಹೀಗೆ ತುಸುತುಸು ತಿರುಗುವುದರಿಂದ ಒಂದೇ ಬಿಸಿಲು ಒಂದೊಂದರ ಮೇಲೆ ಒಂದೊಂದು ಬಗೆಯಾಗಿ ಬೀಳುತ್ತದೆ.

ಬೇಲೂರಿನಲ್ಲಿ ಮೊನೆ ಎಣಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. 1117ರ ಈ ಗುಡಿಯಲ್ಲಿ ಮೂರು ದಿಕ್ಕಿಗೆ ಪುಟ್ಟ ಗುಡಿಗಳು ಅಂಟಿಕೊಂಡು ಅಲ್ಲಲ್ಲಿ ಮೊನೆಗಳನ್ನು ನುಂಗಿವೆ, ಇನ್ನೊಂದು ಕಡೆ ಮಂಟಪ. ಹಳೇಬೀಡಿನಲ್ಲೂ ಹಾಗೇ, ಅಲ್ಲಿ ಗರ್ಭಗುಡಿ ಎರಡು. ಡಂಬಳದ ನಕ್ಷತ್ರ ಎಲ್ಲೂ ಕಡಿಯದೆ ಸುತ್ತುತ್ತದೆ ನಿಜ. ಆದರೂ ಹುಡುಕಿ ಜೋಡಿಸಿಕೊಳ್ಳಬೇಕಾದ ಬೇಲೂರಿನದೇ ನನಗೆ ಹೆಚ್ಚು ಇಷ್ಟ.

ಈ ಹುಚ್ಚು ನೆತ್ತಿಗೇರಿದ್ದು ಅರಸೀಕೆರೆಯ ಈಶ್ವರ ದೇವಸ್ಥಾನದಲ್ಲಿ, ಸುಮಾರು 1220ರಲ್ಲಿ. ಗರ್ಭಗುಡಿಗೆ 16 ಮೊನೆ ಸಾಲದೆ, ಮುಂದಿನ ತೆರೆದ ಮಂಟಪವನ್ನೂ ನಕ್ಷತ್ರವಾಗಿಸಿ ಒಳಗೆ ಗುಮ್ಮಟದಂಥ ಕಲ್ಲಿನ ಚಾವಣಿ ಹೊದಿಸಿದರು. ಗರ್ಭಗುಡಿಯ ಮೊನೆಗಳೂ ಒಂದೇ ಅಚ್ಚಿನವಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿ ಸೇರಿದವು, ಅರಸೀಕೆರೆ ಸೇರಲಿಲ್ಲ. ಹೆಚ್ಚಿನವರಿಗೆ ಅದು ರೈಲು ಬದಲಿಸುವ ಜಂಕ್ಷನ್ ಅಷ್ಟೆ. ಮುಂದಿನ ರೈಲು ತಡವಾಗಿದ್ದರೆ ಒಂದು ಆಟೋ ಹಿಡಿಯಿರಿ. ಬಾಗಿಲು ಹಾಕಿದ್ದರೂ ಚಿಂತೆಯಿಲ್ಲ, ಮೊನೆಗಳೆಲ್ಲ ಹೊರಗೇ ಇವೆ.