ಲೆಕ್ಕಕ್ಕುಂಟು, ಆಟಕ್ಕಿಲ್ಲ

ದಪ್ಪಗಿರುವ ಹುಡುಗರಿಗೆ ನಮ್ಮ ಬೀದಿಯಲ್ಲಿ ಎರಡೇ ಹುದ್ದೆ ಮೀಸಲು: ಒಂದು ಅಂಪೈರು, ಇನ್ನೊಂದು ಚಪ್ಪಲಿ ಕಾಯುವುದು. ಎರಡನ್ನೂ ನಿಷ್ಠೆಯಿಂದ ನಿಭಾಯಿಸಿದವನು ನಾನು. ಅಪರೂಪಕ್ಕೆ ಲಗೋರಿಗೆ ಸೇರಿಸಿಕೊಂಡರೂ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಚೆಂಡು ಬೆನ್ನಿಗೆ ಬಡಿದರೂ ಔಟಿಲ್ಲ. ಬೆನ್ನೇನೋ ಕುರುಡನ ಗುರಿಯೂ ತಪ್ಪದಷ್ಟು ವಿಶಾಲವಾಗಿತ್ತು. ಆದರೂ ದೀಪ ಹಚ್ಚುವ ಹೊತ್ತಿಗೆ ಎಲ್ಲರಷ್ಟೇ ಬೆವರಿರುತ್ತಿದ್ದೆ. ಅದು ವ್ಯಾಯಾಮವೆಂದು ಯಾರೂ ಹೇಳಲಿಲ್ಲ, ಪುಣ್ಯಕ್ಕೆ.

ಅಕ್ಕನ ಮಗ ಈಗ ಒಂಬತ್ತನೇ ಕ್ಲಾಸು. ಮೈಕಟ್ಟು ಸೋದರಮಾವನದೇ. ದಿನಕ್ಕೆ 60 ನಿಮಿಷವಾದರೂ ಮೈ ಆಡಬೇಕು ಅಂದರು ಡಾಕ್ಟರು. 5ರಿಂದ 17ರ ವಯಸ್ಸಿನವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ವಿಧಿಯೂ ಅದೇ. ವಾಕಿಂಗ್ ಅಂದರೆ ಇವನಿಗೆ ಮಂಡಿನೋವು, ಫೋನ್ ಅಂದರೆ ಚಿಗರೆ. ಹಾಗಾಗಿ ಆಟದ ನೆಪದಲ್ಲೇ ಅಲ್ಲಾಡಿಸೋಣವೆಂದು ಅಕ್ಕ ಹೊರಟಳು.

ಉಪಾಯ ಹೊಸದಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 2006ರ ಸುಮಾರಿಗೇ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ ಎಂಬ ಜಪಾನೀ ಆಟವನ್ನು ಶಾಲೆಗಳ ಪಿ.ಟಿ. ಪೀರಿಯಡ್ಡಿಗೆ ತಂದರಂತೆ. ಪರದೆಯ ಮೇಲೆ ಬಾಣ ತೋರಿದ ಕಡೆಗೆ ಕಾಲಡಿಯ ಚಾಪೆ ತುಳಿಯಬೇಕು, ಅಷ್ಟೇ. ಅಲ್ಲಿ ಟೀಮು ಆರಿಸುವವನೇ ಇಲ್ಲ, ಕೊನೆಗೆ ಉಳಿದುಹೋಗುವವನೂ ಇಲ್ಲ. ಓದಿ ನನಗೆ ಈ ವಯಸ್ಸಿನಲ್ಲೂ ಹೊಟ್ಟೆಕಿಚ್ಚಾಯಿತು.

ನಮ್ಮವನಿಗೆ ಒಲಿದದ್ದು ಪೋಕೆಮಾನ್ ಗೋ. ಫೋನಿನೊಳಗೊಂದು ಮೊಟ್ಟೆ, 2 ಕಿಲೋಮೀಟರಿನದು, 5ರದು, 10ರದು. ಅಷ್ಟು ನಡೆದರೆ ಮರಿ. ಮೊದಲು ಬೀದಿ ಬೀದಿ ಸುತ್ತಿದ, ನಾವು ಹಿಗ್ಗಿದೆವು. ಈ ಆಟ ಬಂದ 2016ರಲ್ಲೇ ಅಮೆರಿಕದ ತರುಣರ ಹೆಜ್ಜೆ ಎಣಿಸಿದವರಿದ್ದಾರೆ: ಮೊದಲ ವಾರ ದಿನಕ್ಕೆ 955 ಹೆಜ್ಜೆ ಜಾಸ್ತಿ, ಆರನೇ ವಾರಕ್ಕೆ ಯಥಾಪ್ರಕಾರ. ನಮ್ಮವನಿಗೆ ಅಷ್ಟು ವಾರ ಬೇಕಾಗಲಿಲ್ಲ. ಹೆಜ್ಜೆ ಹೆಜ್ಜೆಗೂ ಲೆಕ್ಕವೇನೋ ಇತ್ತು, ಆಟ ಮಾತ್ರ ಎಲ್ಲೋ ಸೋರಿಹೋಗಿತ್ತು.

ಮೊಟ್ಟೆಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವವಳು ನಮ್ಮಮ್ಮ. ಅವಳು ದಿನಾ ಅರಳಿಕಟ್ಟೆ ಸುತ್ತುವುದನ್ನು ಮೊಮ್ಮಗ ಗಮನಿಸಿದ್ದ. ಸದ್ದಿಲ್ಲದೆ ಫೋನನ್ನು ಅವಳ ಸೊಂಟದ ಸಂಚಿಗೆ, ಅಡಕೆಲೆಯ ಕೆಳಗೆ, ಸೇರಿಸಿಬಿಟ್ಟ. ಹೀಗೆ ಮಡಿಯುಟ್ಟ ಅಜ್ಜಿ ದೇವರ ಹೆಸರು ಹೇಳುತ್ತ ಕಾವು ಕೊಡುತ್ತಿದ್ದಳು. ಒಂದು ದಿನ ಅರ್ಚಕರು ತೀರ್ಥ ಕೊಡುವಾಗಲೇ ಸಂಚಿ ಗುಂಯ್ಯೆಂದಿತು.

ಬೈಗುಳ ಮುಗಿದ ಮೇಲೆ ತೀರ್ಪು ಬಂತು: “ನಿನ್ನ ಮೊಟ್ಟೆಗೆ ನೀನೇ ಕಾವು ಕೊಡು. ನಡಿ ನನ್ನ ಜೊತೆ.”

ಈಗ ಇಬ್ಬರೂ ಹೋಗುತ್ತಾರೆ. ಅವಳದು ಹುಣಸೆಬೀಜದ ಲೆಕ್ಕ, ಅವನದು ಫೋನಿನದು. ಮರದ ಸುತ್ತು ತೀರಾ ಚಿಕ್ಕದು. ಇದ್ದಲ್ಲೇ ಇದ್ದೀಯೆಂದು ಫೋನು ಅರ್ಧ ದೂರವನ್ನು ನುಂಗುತ್ತದೆ. “ನಿನ್ನ ಯಂತ್ರಕ್ಕೆ ಭಕ್ತಿ ಸಾಲದು” ಎನ್ನುತ್ತಾಳೆ ಅವಳು. “ಅಜ್ಜಿ, ನೀನು ಎರಡು ಬೀಜ ಸೇರಿಸಿದೆ! ಕಳ್ಳಾಟ! ಮತ್ತೆ ಮೊದಲಿಂದ!” ಎಂದು ಅವನು ಸೆರಗು ಜಗ್ಗುತ್ತಾನೆ.